ವೈಫೈ ಹಂಚುವಾಗ ಎಂಬಿಪಿಎಸ್ ಅಲ್ಲ, ಟೈಮ್ ಲೆಕ್ಕ ಹಾಕಿ

ಹಾಸ್ಟೆಲ್‌ನಂಥ ಜಾಗಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಇರುವುದು ಒಂದೇ ಇಂಟರ್ನೆಟ್ ಲೈನ್. ಅದರ ಮೇಲೆ ಹತ್ತಾರು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಡಬ್ಬಿ), ನೂರಾರು ಫೋನು, ಲ್ಯಾಪ್‌ಟಾಪು. ದೂರು ಮಾತ್ರ ಯಾವಾಗಲೂ ಒಂದೇ: "ಯಾರೋ ಒಬ್ಬ ಸ್ಪೀಡ್ ಎಲ್ಲಾ ಎಳ್ಕೊಳ್ತಿದ್ದಾನೆ, ಅವನನ್ನ ಹಿಡೀರಿ ಸರ್." ಹುಡುಕಿದರೆ ಎಷ್ಟೋ ಸಲ ಸಿಗುವವನು ಕಾರಿಡಾರಿನ ತುದಿಯ ರೂಮಿನವನು. ಒಂದೇ ಕಡ್ಡಿ ಸಿಗ್ನಲ್, ಪಾಪ, ಒಂದು ಸಣ್ಣ ಫೈಲ್ ಇಳಿಸಿಕೊಳ್ಳಲು ಒದ್ದಾಡುತ್ತಿರುತ್ತಾನೆ. ಅವನ ಸ್ಪೀಡೂ ಕಡಿಮೆ, ಅವನಿಂದ ಉಳಿದವರ ಸ್ಪೀಡೂ ಕಡಿಮೆ.

ಹೇಗೆ ಅಂತೀರಾ? ವೈಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಉಳಿದವರು ಕಾಯಬೇಕು. ಹಳೆಯ ನಿಯಮ ಎಲ್ಲರಿಗೂ ಸರಿಸಮ ಸರದಿ ಕೊಡುತ್ತದೆ: ನಿನಗೊಂದು ಪ್ಯಾಕೆಟ್ (ಡೇಟಾದ ಒಂದು ತುಂಡು), ನನಗೊಂದು ಪ್ಯಾಕೆಟ್. ಕೇಳಲು ನ್ಯಾಯವಾಗಿಯೇ ಇದೆ. ಆದರೆ 1500 ಬೈಟಿನ ಒಂದು ಪ್ಯಾಕೆಟ್ ಹತ್ತಿರ ಕೂತವನ 54 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 54 ಮೆಗಾಬಿಟ್) ಹೋಗಲು ಸುಮಾರು 222 ಮೈಕ್ರೊಸೆಕೆಂಡ್ ಸಾಕು. ದೂರದವನ 6 ಎಂಬಿಪಿಎಸ್‌ನಲ್ಲಿ ಅದಕ್ಕೆ 2000 ಬೇಕು. ಅಂದರೆ ಸರದಿ ಸಮ ಇದ್ದರೂ ನೂರರಲ್ಲಿ 90 ಭಾಗ ಟೈಮ್ ದೂರದವನ ಪಾಲು. ಓವರ್‌ಹೆಡ್ (ಡೇಟಾ ಅಲ್ಲದ ಹೆಚ್ಚುವರಿ ಖರ್ಚು) ಬಿಟ್ಟು ಲೆಕ್ಕ ಹಾಕಿದರೆ ಇಬ್ಬರಿಗೂ 5.4 ಎಂಬಿಪಿಎಸ್ ಸಿಗುತ್ತದೆ. ಹತ್ತಿರ ಕೂತವನ 54 ಎಲ್ಲಿ ಹೋಯಿತು? ಕಾಯುವುದರಲ್ಲೇ ಕಳೆದುಹೋಯಿತು.

ಇದು ಹೊಸ ವಿಷಯವೇನಲ್ಲ. 802.11ಬಿ ಅನ್ನುವ ಹಳೇ ವೈಫೈ ಕಾಲದಲ್ಲೇ, 2003ರಲ್ಲಿ, ಫ್ರಾನ್ಸಿನ ಸಂಶೋಧಕರು ಇದನ್ನು ಲೆಕ್ಕ ಸಮೇತ ತೋರಿಸಿದ್ದರು. ವೈಫೈ 6ರಲ್ಲಿ ಚಾನೆಲ್ಲನ್ನು ತುಂಡು ಮಾಡಿ ಒಟ್ಟಿಗೆ ಹಲವರಿಗೆ ಕೊಡುವ ಉಪಾಯ ಬಂದಿದೆ. ಆದರೂ ನಿಧಾನದ ಸಾಧನ ಜಾಸ್ತಿ ಟೈಮ್ ತಿನ್ನುತ್ತದೆ ಅನ್ನುವುದು ಹಾಗೇ ಉಳಿದಿದೆ.

ಹಾಗಾಗಿ ಹಂಚಬೇಕಾದದ್ದು ಟೈಮ್. ಏರ್‌ಟೈಮ್ ಫೇರ್‌ನೆಸ್ ಅನ್ನುವ ಆಯ್ಕೆ ಈಗ ಬಹಳಷ್ಟು ಆಕ್ಸೆಸ್ ಪಾಯಿಂಟ್‌ಗಳಲ್ಲಿದೆ. ಅದೇ ಇಬ್ಬರಿಗೆ ಅರ್ಧರ್ಧ ಟೈಮ್ ಕೊಟ್ಟರೆ ಒಬ್ಬನಿಗೆ 27, ಇನ್ನೊಬ್ಬನಿಗೆ 3. ಒಟ್ಟು 10.8 ಇದ್ದದ್ದು 30 ಆಯಿತು. ದೂರದವನಿಗೆ 5.4 ಹೋಗಿ 3 ಸಿಕ್ಕಿತಲ್ಲ, ಇದು ಅನ್ಯಾಯ ಅಲ್ವಾ ಅಂತ ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಅಲ್ಲ. ಅವನ ಕಷ್ಟ ಸಿಗ್ನಲ್‌ನದು. ಅವನ ರೂಮಿನ ಹತ್ತಿರ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿಸುವುದು ನನ್ನ ಜವಾಬ್ದಾರಿ. ಅವನ ಸಿಗ್ನಲ್ ಕೊರತೆಯ ಬೆಲೆಯನ್ನು ಪಕ್ಕದ ಮೂವತ್ತು ಜನ ತೆರಬೇಕಾಗಿಲ್ಲ. ಒಂದು ಮಿತಿ ಗೊತ್ತಿರಲಿ: ಈ ಆಯ್ಕೆಗೆ ಬಲ ಇರುವುದು ಮುಖ್ಯವಾಗಿ ಡೌನ್‌ಲೋಡ್ ಕಡೆ. ಫೋನ್ ತಾನಾಗಿ ಕಳಿಸುವ ಪ್ಯಾಕೆಟ್ ಮೇಲೆ ಆಕ್ಸೆಸ್ ಪಾಯಿಂಟ್‌ಗೆ ಅಷ್ಟು ಹಿಡಿತ ಇಲ್ಲ.

ಇದರ ಜೊತೆಗೆ 1, 2, 5.5, 11 ಎಂಬಿಪಿಎಸ್‌ನ ಹಳೇ ರೇಟುಗಳನ್ನು ಆಫ್ ಮಾಡುತ್ತೇನೆ. ತೀರಾ ಹಳೆಯ ಸಾಧನ ಯಾವುದೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ. ಬೀಕನ್‌ಗಳು, ಅಂದರೆ "ಈ ವೈಫೈ ಇಲ್ಲಿದೆ" ಅಂತ ಆಕ್ಸೆಸ್ ಪಾಯಿಂಟ್ ಸಾರುವ ಸಂದೇಶಗಳು, ಹೋಗುವುದು ಇರುವುದರಲ್ಲೇ ಕಡಿಮೆ ಬೇಸಿಕ್ ರೇಟಿನಲ್ಲಿ, ಒಂದೊಂದು ವೈಫೈ ಹೆಸರಿಗೂ ಸೆಕೆಂಡಿಗೆ ಸುಮಾರು ಹತ್ತು ಸಲ. ಮಹಡಿಗೊಂದು ಹೆಸರು, ಸಿಬ್ಬಂದಿಗೊಂದು, ಅತಿಥಿಗೊಂದು ಅಂತ ಎಲ್ಲವನ್ನೂ ಎಲ್ಲಾ ಆಕ್ಸೆಸ್ ಪಾಯಿಂಟಲ್ಲೂ ಬಿಟ್ಟರೆ, ಯಾರೂ ಬಳಸದೆಯೇ ಗಾಳಿಯಲ್ಲಿ ಟೈಮ್ ಖರ್ಚಾಗುತ್ತದೆ. ಸುಮ್ನೆ.

ಗಾಳಿಯ ಕಥೆ ಇಷ್ಟು. ಲೈನಿನ ಕಡೆ ಬೇರೆಯದೇ ತೊಂದರೆ. ಯಾರೋ ಫೋಟೊಗಳನ್ನು ಕ್ಲೌಡಿಗೆ ಹತ್ತಿಸುತ್ತಿರುತ್ತಾರೆ, ಎಲ್ಲರ ವಿಡಿಯೊ ಕಾಲ್ ಕಡಿದು ಕಡಿದು ಬರುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ನಂಬರ್ ಚೆನ್ನಾಗಿಯೇ ಇರುತ್ತದೆ. ತೊಂದರೆ ಬಫರ್‌ನಲ್ಲಿ, ಅಂದರೆ ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗದಲ್ಲಿ. 10 ಎಂಬಿಪಿಎಸ್ ಅಪ್‌ಲೋಡ್ ಲೈನಿನ ಮುಂದೆ 1.25 ಎಂಬಿ (ಅಂದರೆ 10 ಮೆಗಾಬಿಟ್) ಬಫರ್ ತುಂಬಿ ನಿಂತರೆ, ಆಮೇಲೆ ಬಂದ ಪ್ಯಾಕೆಟ್ ಪೂರ್ತಿ ಒಂದು ಸೆಕೆಂಡ್ ಕಾಯಬೇಕು. ಒಂದು ತರಕಾರಿ ಚೀಟಿ ಹಿಡಿದವನು ಲಾರಿ ಲೋಡಿನವನ ಹಿಂದೆ ನಿಂತಂತೆ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ಟವರು ಪ್ರೋಗ್ರಾಮರ್ ಜಿಮ್ ಗೆಟ್ಟಿಸ್. 2012ರಲ್ಲಿ ನೆಟ್‌ವರ್ಕ್ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನುವ ಪರಿಹಾರ ತಂದರು. ಅದು ಬಫರ್ ಎಷ್ಟು ಉದ್ದ ಅಂತ ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. 5 ಮಿಲಿಸೆಕೆಂಡಿಗಿಂತ ಜಾಸ್ತಿ ಕಾಯುವುದು 100 ಮಿಲಿಸೆಕೆಂಡ್ ಹೊತ್ತು ಮುಂದುವರಿದರೆ ಪ್ಯಾಕೆಟ್‌ಗಳನ್ನು ಕಳಿಸದೆ ಎಸೆದುಬಿಡಲು ಶುರು ಮಾಡುತ್ತದೆ. ಅದಕ್ಕೆ ಕನೆಕ್ಷನ್‌ಗಳಿಗೆ ಪ್ರತ್ಯೇಕ ಸಾಲುಗಳು ಸೇರಿ ಎಫ್‌ಕ್ಯೂ-ಕೋಡೆಲ್ ಆಯಿತು.

ಇದನ್ನು ಆನ್ ಮಾಡಿದರಷ್ಟೇ ಸಾಲದು. ಪ್ಯಾಕೆಟ್‌ಗಳ ಸಾಲು ನಮ್ಮ ರೂಟರಲ್ಲಿ ನಿಲ್ಲಬೇಕು, ಮೋಡೆಮ್‌ನಲ್ಲಲ್ಲ. ಅದಕ್ಕೇ ಲೈನಿನ ನಿಜವಾದ ಸ್ಪೀಡಿಗಿಂತ ಸ್ವಲ್ಪ ಕೆಳಗೆ, ನೂರಕ್ಕೆ ತೊಂಬತ್ತರ ಹತ್ತಿರ, ಶೇಪರ್ (ಸ್ಪೀಡಿಗೆ ಮಿತಿ ಹಾಕುವ ವ್ಯವಸ್ಥೆ) ಇಡುತ್ತೇನೆ. "ದುಡ್ಡು ಕೊಟ್ಟ ಸ್ಪೀಡನ್ನ ನೀವೇ ಕಡಿಮೆ ಮಾಡ್ತೀರಾ?" ಅಂತ ಮೇಲಿನವರು ಕೇಳುತ್ತಾರೆ. ಬಾಯಲ್ಲಿ ಹೇಳಿ ಒಪ್ಪಿಸುವುದು ಕಷ್ಟ. ಅಪ್‌ಲೋಡ್ ಹಾಕಿ, ಪಕ್ಕದಲ್ಲೇ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವ ಪರೀಕ್ಷೆ) ಓಡಿಸಿ, ಶೇಪರ್ ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ ತೋರಿಸಿದರೆ ಮಾತು ಮುಗಿಯಿತು.

ಇನ್ನು ಯಾರ ಯಾರ ನಡುವೆ ಹಂಚುವುದು ಅನ್ನುವ ಪ್ರಶ್ನೆ. ಎಫ್‌ಕ್ಯೂ-ಕೋಡೆಲ್ ಕನೆಕ್ಷನ್ ಕನೆಕ್ಷನ್‌ಗೂ ಸಮ ಪಾಲು ಕೊಡುತ್ತದೆ. ಟೊರೆಂಟ್ ಹಾಕಿದವನು ನಲವತ್ತು ಕನೆಕ್ಷನ್ ತೆರೆದರೆ ನಲವತ್ತು ಪಾಲು, ಒಂದು ಪೇಜ್ ಓದುವವನಿಗೆ ಒಂದು ಪಾಲು. ಕೇಕ್ ಅನ್ನುವ ಶೇಪರ್ ಇಲ್ಲಿ ಒಳ್ಳೆಯದು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಒಳಗೇ 4.19ನೇ ಆವೃತ್ತಿಯಿಂದ ಇದೆ. ಮೊದಲು ಸಾಧನಗಳ ನಡುವೆ ಸಮ ಮಾಡಿ, ಆಮೇಲೆ ಒಳಗಿನ ಕನೆಕ್ಷನ್‌ಗಳಿಗೆ ಹಂಚುವಂತೆ ಅದನ್ನು ಸೆಟ್ ಮಾಡಬಹುದು. ಎನ್‌ಎಟಿ (ಎಲ್ಲಾ ಸಾಧನಗಳನ್ನೂ ಒಂದೇ ವಿಳಾಸದ ಹಿಂದೆ ಇಡುವ ವ್ಯವಸ್ಥೆ) ಇರುವ ರೂಟರಾದರೆ ಅದಕ್ಕೆ ಬೇರೆ ಆಯ್ಕೆ ಇದೆ, ಅದನ್ನು ಹಾಕದಿದ್ದರೆ ಇಡೀ ಕಟ್ಟಡ ಒಂದೇ ಸಾಧನದಂತೆ ಕಾಣುತ್ತದೆ. ಮೂರು ಸಾಧನ ಇರುವವನಿಗೆ ಆಗಲೂ ಮೂರು ಪಾಲು ಸಿಗುತ್ತದೆ, ಹೌದು. ಮ್ಯಾಕ್ ಅಡ್ರೆಸ್ (ಸಾಧನದ ಗುರುತಿನ ಸಂಖ್ಯೆ) ಹಿಡಿದು ಸರಿ ಮಾಡೋಣ ಅಂದರೆ ಈಗಿನ ಫೋನುಗಳು ಅದನ್ನೂ ಬದಲಿಸಿಕೊಳ್ಳುತ್ತವೆ. ಮನುಷ್ಯರ ಲೆಕ್ಕವೇ ಬೇಕು ಅಂದರೆ ಒಬ್ಬೊಬ್ಬರಿಗೂ ಲಾಗಿನ್ ಕೊಡಬೇಕು. ಸಣ್ಣ ಜಾಗಕ್ಕೆ ಅಷ್ಟು ತಲೆನೋವು ಬೇಡ ಅಂತ ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಜಾಸ್ತಿ ಕೇಳಿ ಬರುವ ಸಲಹೆ, "ತಲೆಗೆ 2 ಎಂಬಿಪಿಎಸ್ ಅಂತ ಕಟ್ ಮಾಡಿಬಿಡಿ". 50 ಜನ, 100ರ ಲೈನ್, ಲೆಕ್ಕ ಸರಿ. ಆದರೆ ರಾತ್ರಿ ಮೂರಕ್ಕೆ ಎಚ್ಚರ ಇರುವುದು ಮೂರೇ ಜನ. ಅವರಿಗೆ 6 ಕೊಟ್ಟು 94 ಖಾಲಿ ಬಿಟ್ಟರೆ ಲಾಭ ಯಾರಿಗೆ? ತಿಂಗಳಿಗೆ ಯಾರು ಎಷ್ಟು ಜಿಬಿ ಎಳೆದರು ಅನ್ನುವ ಪಟ್ಟಿಯನ್ನೂ ಆಡಳಿತದವರು ಕೇಳುತ್ತಾರೆ, ಕೊಡುತ್ತೇನೆ. ಅದರಲ್ಲಿ ಮೊದಲ ಹೆಸರಿನವನು ಅಷ್ಟನ್ನೂ ಎಳೆದದ್ದು ಲೈನ್ ಖಾಲಿ ಇರುವಾಗ ಆಗಿದ್ದರೆ ಅವನಿಗೆ ಎಚ್ಚರಿಕೆ ಪತ್ರ ಕೊಡಿಸಲು ನಾನು ಸಹಿ ಹಾಕುವುದಿಲ್ಲ.