ಕಾಟಾ ಮನೆಯ ಹಳೇ ಕಂಪ್ಯೂಟರಿಗೆ ಲಿನಕ್ಸ್: ಕೆಲಸ ಎಲ್ಲಿಗೆ ಬಂತು?

ಸದ್ಯದ ಸ್ಥಿತಿ ಮೊದಲು ಹೇಳಿಬಿಡುತ್ತೇನೆ. ಗಂಗಾವತಿಯ ರೈಸ್ ಮಿಲ್ಲುಗಳಿಂದ ಬಂದ ಮೂರು ಯಂತ್ರಗಳಲ್ಲಿ ಎರಡು ಚೆನ್ನಾಗಿ ಓಡುತ್ತಿವೆ. ಒಂದು ಇನ್ನೂ ಮೇಜಿನ ಮೇಲೇ ಇದೆ.

ಮಿಲ್ಲಿನವರು ಹೊಸದು ತಗೊಳ್ಳಬಾರದಾ ಅಂತ ಕೇಳಬಹುದು. ಆಫೀಸಿಗೆ ತಗೊಂಡಿದ್ದಾರೆ. ಲಾರಿ ತೂಗುವ ಕಾಟಾ ಮನೆಯ ಕಥೆ ಬೇರೆ. ಅಲ್ಲಿನ ಇಂಡಿಕೇಟರ್, ಅಂದರೆ ತೂಕ ತೋರಿಸುವ ಪೆಟ್ಟಿಗೆ, ಲಾರಿಯ ತೂಕವನ್ನು ಸೀರಿಯಲ್ ಕೇಬಲ್ಲಿನಲ್ಲಿ ಕಳಿಸುತ್ತದೆ, ಹೊಸ ಲ್ಯಾಪ್‌ಟಾಪಿಗೆ ಒಂಬತ್ತು ಪಿನ್ನಿನ ಆ ಪೋರ್ಟೇ ಇರುವುದಿಲ್ಲ. ಹಳೇ ಡಬ್ಬಕ್ಕೆ ಇದೆ.

ಲಿನಕ್ಸ್ ಹಾಕುವ ಫೈಲ್, ಅಂದರೆ ಇಮೇಜ್, ಇಳಿಸುವ ಮುಂಚೆ ಪ್ರೊಸೆಸರ್ ನೋಡಬೇಕು. ತೌಡಿನ ಧೂಳು ಮೆತ್ತಿಕೊಂಡ ಡಬ್ಬದ ಮುಖ ನೋಡಿ ಏನೂ ಗೊತ್ತಾಗುವುದಿಲ್ಲ. ಲೈವ್ ಯುಎಸ್‌ಬಿಯಲ್ಲಿ ಬೂಟ್ ಮಾಡಿ ಸಿಪಿಯು ಮಾಹಿತಿಯ ಫ್ಲ್ಯಾಗ್‌ಗಳಲ್ಲಿ 'ಎಲ್‌ಎಂ' ಹುಡುಕಿದರೆ ಸಾಕು. ಇದ್ದರೆ 64 ಬಿಟ್. ಕಾಟಾ ಮನೆಯ ಆಟಂ ಡಿ525 ಬೋರ್ಡ್ ಅಂಥದ್ದು, ಅದಕ್ಕೆ ಡೆಬಿಯನ್ ಎಂಬ ಲಿನಕ್ಸಿನ 13ನೇ ಆವೃತ್ತಿ ಹಾಕಿದೆ. ಗುಮಾಸ್ತರ ನೆಟ್‌ಬುಕ್‌ನಲ್ಲಿರುವುದು 2008ರ ಆಟಂ ಎನ್270, ಅಪ್ಪಟ 32 ಬಿಟ್. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ. ಹಾಗಾಗಿ ಇದಕ್ಕೆ ಡೆಬಿಯನ್ 12.

ನೆಟ್‌ಬುಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1 ಜಿಬಿ ರ‍್ಯಾಮ್‌ನಲ್ಲಿ ಬ್ರೌಸರ್ ತೆರೆದರೆ ಚಹಾ ಕುಡಿದು ಬರಬಹುದು, ಲೆಕ್ಕದ ಶೀಟಿಗೆ ತೊಂದರೆಯಿಲ್ಲ. ಇನ್‌ಸ್ಟಾಲರ್ ಕನ್ನಡದಲ್ಲಿ ಬೇಕೆಂದರೆ ಗ್ರಾಫಿಕಲ್ ಆಯ್ಕೆಯನ್ನೇ ಒತ್ತಿ. ಟೆಕ್ಸ್ಟ್ ಇನ್‌ಸ್ಟಾಲರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಾಣಿಸುವುದಿಲ್ಲ.

ಡಿ525 ಮಾತ್ರ ಆಟ ಆಡಿಸಿತು. ಬೂಟ್ ಆಗುವಾಗಿನ ಗ್ರಬ್ ಮೆನು ಬರುತ್ತದೆ, ಆಮೇಲೆ ಪರದೆ ಕಪ್ಪು. ಡಿಸ್ಕ್ ಲೈಟು ಮಿನುಗುತ್ತಲೇ ಇರುತ್ತದೆ, ಅಂದರೆ ಒಳಗೆ ಯಂತ್ರ ಸತ್ತಿಲ್ಲ. ಇಂಥ ಬೋರ್ಡುಗಳು ತಮಗೆ ಲ್ಯಾಪ್‌ಟಾಪಿನ ಪ್ಯಾನೆಲ್ ಒಂದು ಅಂಟಿಕೊಂಡಿದೆ ಅಂತ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಹೇಳುತ್ತವೆ, ಚಿತ್ರ ಆ ಇಲ್ಲದ ಪ್ಯಾನೆಲ್ಲಿಗೆ ಹೋಗುತ್ತದೆ. ಗ್ರಬ್‌ನಲ್ಲಿರುವ ಕರ್ನಲ್ ಸಾಲಿನ ಕೊನೆಗೆ, ಆ ಪ್ಯಾನೆಲ್ ಬೇಡ ಅನ್ನುವ 'ವಿಡಿಯೋ=ಎಲ್‌ವಿಡಿಎಸ್-1:ಡಿ' ಸೇರಿಸಿದೆ, ಮಾನಿಟರ್ ಎದ್ದಿತು. 'ನೋಮೋಡ್‌ಸೆಟ್' ಹಾಕಿದರೂ ಚಿತ್ರ ಬರುತ್ತದೆ, ಆದರೆ ಒರಟು ರೆಸಲ್ಯೂಶನ್ನಿಗೆ ಅಂಟಿಕೊಳ್ಳಬೇಕು. ನನಗೆ ಮೊದಲನೆಯದೇ ಸರಿ.

ತುಂಬಾ ಜನ ಇಲ್ಲಿಗೆ ಟೆಸ್ಟ್ ಮುಗಿಯಿತು ಅಂತಾರೆ. ಡೆಸ್ಕ್‌ಟಾಪ್ ಬಂತು, ಫೋಟೋ ತೆಗೆದರು, ಆಯ್ತು. ಕಾಟಾದವನಿಗೆ ಡೆಸ್ಕ್‌ಟಾಪ್ ತಗೊಂಡು ಏನಾಗಬೇಕು? ಅವನಿಗೆ ಬೇಕಿರುವುದು ತೂಕ ಮತ್ತು ಚೀಟಿ.

ತೂಕ ಸುಲಭವಾಗಿ ಬಂತು. ಕರ್ನಲ್ ಲಾಗಿನಲ್ಲಿ ಸೀರಿಯಲ್ ಪೋರ್ಟಿನ ಹೆಸರು 'ಟಿಟಿವೈಎಸ್0' ಕಾಣಿಸಿತು. ಓದಲು ಹೋದರೆ ಅನುಮತಿ ಇಲ್ಲ ಎಂದಿತು. ಬಳಕೆದಾರನನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿ ಮತ್ತೆ ಲಾಗಿನ್ ಆದರೆ ಅದು ಹೋಗುತ್ತದೆ. ಅಂಕಿ ಕಳಿಸುವ ವೇಗ, ಅಂದರೆ ಬಾಡ್ ರೇಟ್, ಇಂಡಿಕೇಟರಿನ ಮೆನುವಿನಲ್ಲೇ ಇತ್ತು, 2400. ಭತ್ತದ ಟ್ರ್ಯಾಕ್ಟರ್ ಕಾಟಾ ಹತ್ತಿತು, ಟರ್ಮಿನಲ್ಲಿನಲ್ಲಿ ಅಂಕಿಗಳು ಓಡಿದವು.

ಚೀಟಿಯದು ಬೇರೆಯೇ ತಲೆನೋವು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಏನೋ ಮೊದಲ ಸಲಕ್ಕೇ ಹೊಡೆಯಿತು. ತಪ್ಪಿದ್ದು ಅದರ ಮೇಲಿನ ಹೊತ್ತು. ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿತ್ತು, ಕಾಟಾ ಮನೆಗೆ ಇಂಟರ್ನೆಟ್ ಇಲ್ಲ. ಇಸವಿ ಹಿಂದಕ್ಕೆ ಹೋಗಿ 2010 ಅಂತ ಬಂದಿದ್ದರೆ ಯಾರಾದರೂ ಕೂಗುತ್ತಿದ್ದರು. ಲಿನಕ್ಸ್ ಹಾಗೆ ಮಾಡುವುದಿಲ್ಲ. ಅದರೊಳಗಿನ ಸಿಸ್ಟಂಡಿಯ ಟೈಮ್‌ಸಿಂಕ್ ಎಂಬ ಗಡಿಯಾರದ ಸೇವೆ ಆಗಾಗ ಸಮಯವನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಬೂಟ್ ಆದಾಗ ಬೋರ್ಡಿನ ಗಡಿಯಾರ ಅದಕ್ಕಿಂತ ಹಿಂದಿದ್ದರೆ, ಬರೆದಿಟ್ಟ ಸಮಯದಿಂದಲೇ ಶುರು ಮಾಡುತ್ತದೆ. ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಬಂದರೆ, ಬೆಳಗಿನ ಲಾರಿಗೆ ನಿನ್ನೆ ಸಂಜೆಯ ಚೀಟಿ! ನೋಡಿದರೆ ಸರಿ ಅಂತಲೇ ಅನಿಸುತ್ತದೆ, ಅದೇ ಅಪಾಯ. ಬ್ಯಾಟರಿಗೆ ಹಿಡಿಯುವುದು ಸಣ್ಣ ಖರ್ಚು, ಯಾವ ಹಳೇ ಯಂತ್ರ ಬಂದರೂ ಈಗ ಮೊದಲು ಅದನ್ನೇ ಬದಲಿಸುತ್ತೇನೆ.

ಹಳೇ ವಿಂಡೋಸ್ ತೆಗೆಯಬೇಡಿ ಎಂದು ಮಾಲೀಕರು ಹಠ ಹಿಡಿದಿದ್ದರು. ಅಲ್ಲೂ ಗಡಿಯಾರದ್ದೇ ಜಗಳ. ವಿಂಡೋಸ್ ಬೋರ್ಡಿನಲ್ಲಿ ಊರಿನ ಸಮಯ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಸಮಯ ಇಡುತ್ತದೆ. ಹೊಂದಿಸದಿದ್ದರೆ ಐದೂವರೆ ಗಂಟೆ ಆಚೀಚೆ. 'ಟೈಮ್‌ಡೇಟ್‌ಸಿಟಿಎಲ್' ಆಜ್ಞೆಯಲ್ಲಿ ಲೋಕಲ್ ಆರ್‌ಟಿಸಿ ಆಯ್ಕೆಯನ್ನು 1 ಮಾಡಿದೆ, ಲಿನಕ್ಸೂ ಬೋರ್ಡಿನಲ್ಲಿ ಊರಿನ ಸಮಯವನ್ನೇ ಇಡುತ್ತದೆ. ಹೊಸದಾಗಿ ಹಾಕುವವರಿಗೆ ಇದನ್ನು ನಾನು ಸೂಚಿಸುವುದಿಲ್ಲ, ವಿಂಡೋಸ್ ಬಿಟ್ಟುಬಿಡುವುದೇ ವಾಸಿ.

ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆಯನ್ನೂ ಹಾಕಿಟ್ಟೆ. ಡಿಸ್ಕಿಗೆ ಬರೆಯುತ್ತಿರುವಾಗಲೇ ಬೇಕಂತ ಪ್ಲಗ್ ಕಿತ್ತು ನೋಡಿದೆ. ಡಿಸ್ಕಿನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ತನ್ನ ಜರ್ನಲ್ ಓದಿಕೊಂಡು ಸುಮ್ನೆ ಎದ್ದು ಕೂತಿತು.

ಉಳಿದಿರುವುದು ಆಟಂ ಝಡ್3735ಎಫ್ ಇರುವ ಪುಟ್ಟ ಲ್ಯಾಪ್‌ಟಾಪ್. ಪ್ರೊಸೆಸರ್ 64 ಬಿಟ್, ಬಯೋಸ್ ಜಾಗದಲ್ಲಿರುವ ಯುಇಎಫ್‌ಐ ಮಾತ್ರ 32 ಬಿಟ್. 'ಬೂಟ್ಐಎ32' ಫೈಲ್ ಇಲ್ಲದ ಇಮೇಜನ್ನು ಇದು ಕಣ್ಣೆತ್ತಿಯೂ ನೋಡುವುದಿಲ್ಲ. ಆ ಫೈಲ್ ಇರುವ ಇಮೇಜಿನಲ್ಲಿ ಇನ್‌ಸ್ಟಾಲ್ ಆಯಿತು, ಸಿಎಚ್340 ಚಿಪ್ಪಿನ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಕೂಡ ಡ್ರೈವರ್ ಹುಡುಕದೆ ಓಡಿತು. ಆದರೆ ಸುಮ್ಮನೆ ಬಿಟ್ಟಾಗ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ. ಈ ಝಡ್3735ಎಫ್ ಸೇರಿರುವ ಬೇ ಟ್ರೈಲ್ ಚಿಪ್ಪುಗಳಲ್ಲಿ ಇದು ಹೆಸರಾದ ಕಾಯಿಲೆ, ಪ್ರೊಸೆಸರ್ ಆಳದ ನಿದ್ದೆಗೆ ಜಾರಿದಾಗ ಬರುತ್ತದೆ. 'ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1' ಹಾಕಿದರೆ ತಡೆಯಬಹುದು, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಈಗ ಹಾಗೆ ಹಾಕಿ ಹಗಲೂ ರಾತ್ರಿ ಆನ್ ಇಟ್ಟಿದ್ದೇನೆ. ನಿಲ್ಲದೆ ಓಡಿದರೆ ಮಾತ್ರ ಮಿಲ್ಲಿಗೆ ವಾಪಸ್ ಕೊಡುವುದು.