ಗೋಡೆಯಾಚೆ ಏನಿದೆ?

ತೀರ್ಥಹಳ್ಳಿಯಲ್ಲಿ ನಮ್ಮದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಅಪ್ಪ ಶುರು ಮಾಡಿದ್ದು. ಶಿವಮೊಗ್ಗದಲ್ಲಿ ಭೋಪಾಲ್ ದುರಂತದ ಬಗ್ಗೆ ವಿಚಾರ ಸಂಕಿರಣ ಇದೆ, ಬಾ ಅಂತ ಗೆಳೆಯ ಕರೆದಾಗ ಹಿಂದೇಟು ಹಾಕಿದೆ. ಔಷಧಿ ಮಾರುವವನನ್ನು ಎದುರಿಗೇ ಕೂರಿಸಿಕೊಂಡು ಬೈಯುತ್ತಾರೆ, ಅಲ್ವಾ?

ದೀಪ, ಹಾರ, ಶಾಲು ಮುಗಿಯುವಷ್ಟರಲ್ಲಿ ಅರ್ಧ ಬೆಳಗ್ಗೆ ಹೋಯಿತು. ಅದು ಬಿಡಿ.

ಮೊದಲು ಮಾತಾಡಿದವರು ಕೆಮಿಸ್ಟ್ರಿ ಮೇಷ್ಟ್ರು, ನಿವೃತ್ತರು. ಅಳಿಸುವ ಭಾಷಣ ಅಲ್ಲ. ಬೋರ್ಡಿನ ಮೇಲೆ ಟ್ಯಾಂಕಿನ ಚಿತ್ರ ಬರೆದು ಪಾಠವನ್ನೇ ಮಾಡಿದರು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕ್ರಿಮಿನಾಶಕ ಕಾರ್ಖಾನೆಯ 610ನೇ ಟ್ಯಾಂಕಿಗೆ ನೀರು ನುಗ್ಗಿತು. ಒಳಗಿದ್ದದ್ದು ಸುಮಾರು 40 ಟನ್ ಮೀಥೈಲ್ ಐಸೋಸೈನೇಟ್ ಅನ್ನೋ ವಿಷದ ದ್ರವ. ನೀರು ಸೇರಿ ಅದು ಕುದ್ದು, ಅನಿಲವಾಗಿ ಊರಿನ ಮೇಲೆ ಹರಡಿತು. ಆ ದ್ರವವನ್ನು ತಣ್ಣಗಿಡುವ ಯಂತ್ರ ತಿಂಗಳುಗಳಿಂದ ಬಂದ್. ಸೋರಿದ ಅನಿಲವನ್ನು ಸುಡುವ ಗೋಪುರದ ಪೈಪು ಬಿಚ್ಚಿಟ್ಟಿದ್ದರು. ಇಷ್ಟೆಲ್ಲ ಯಾತಕ್ಕೆ? ಸೆವಿನ್ ಅನ್ನೋ ಕ್ರಿಮಿನಾಶಕ ಮಾಡೋದಕ್ಕೆ. ಆ ಹೆಸರು ಕೇಳಿ ನಾನು ನೆಟ್ಟಗೆ ಕೂತೆ. ಅಪ್ಪನ ಕಾಲದಲ್ಲಿ ನಮ್ಮ ಕಪಾಟಿನಲ್ಲೇ ಸೆವಿನ್ ಪುಡಿ ಇರುತ್ತಿತ್ತು. ಅದರ ಮೂಲವಸ್ತು ಕಾರ್ಬರಿಲ್ ನಮ್ಮ ದೇಶದಲ್ಲಿ ನಿಷೇಧವಾದದ್ದು 2018ರಲ್ಲಿ.

ಸರ್ಕಾರದ ಮೊದಲ ಲೆಕ್ಕ 2,259 ಸಾವು. ಆಮೇಲೆ ಅದು ಏರುತ್ತಲೇ ಹೋಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು. ಜನ ಓಡಿದರು. ಓಡಿದಷ್ಟೂ ಜಾಸ್ತಿ ಉಸಿರು, ಜಾಸ್ತಿ ವಿಷ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ ಅಂತ ಮೊದಲೇ ಹೇಳಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಭೋಪಾಲಿನ ಹಮೀದಿಯಾ ಆಸ್ಪತ್ರೆಯ ಡಾಕ್ಟರುಗಳಿಗೂ ಅದು ಯಾವ ಅನಿಲ ಅಂತ ಗೊತ್ತಿರಲಿಲ್ಲ. ನಾನು ಮಾರುವ ಕಾಲು ಲೀಟರ್ ಬಾಟಲಿಯ ಮೇಲೂ ವಿಷ ಎಷ್ಟು ಅಂತ ಹೇಳುವ ಬಣ್ಣದ ಗುರುತು ಇರಲೇಬೇಕು. ಕೆಂಪಿದ್ದರೆ ರೈತ ತಾನೇ ಹುಷಾರಾಗುತ್ತಾನೆ. 40 ಟನ್ ಇಟ್ಟವರು ಕಾರ್ಖಾನೆ ಪಕ್ಕದ ಜೆ.ಪಿ. ನಗರದ ಬಡವರಿಗೆ ಏನೂ ಹೇಳಿರಲಿಲ್ಲ.

ಊಟದ ನಂತರ ಶಿವಮೊಗ್ಗದ ಹತ್ತಿರದ ಹುಣಸೋಡು ಕಡೆಯ ಹೆಂಗಸೊಬ್ಬರು ಎದ್ದರು. 2021ರ ಜನವರಿ 21ರ ರಾತ್ರಿ ಅಲ್ಲಿನ ಕ್ರಷರ್ ಹತ್ತಿರ ಸ್ಫೋಟಕ ಸಿಡಿದದ್ದು ನಮಗೆಲ್ಲ ನೆನಪಿದೆ. ಪಕ್ಕದ ಜಿಲ್ಲೆಯವರೂ ಭೂಕಂಪ ಅಂತಲೇ ಮನೆಯಿಂದ ಹೊರಗೆ ಬಂದಿದ್ದರು. "ಅಲ್ಲಿ ಏನಿಟ್ಟಿದಾರೆ ಅಂತ ಸಿಡಿದ ಮೇಲೆ ಟಿವಿ ನೋಡಿ ತಿಳ್ಕೊಂಡ್ವಿ" ಅಂದರು. ಸಭೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ.

ಭೋಪಾಲ್ ಆದ ಮೇಲೆ 1989ರಲ್ಲಿ ನಿಯಮ ಬಂತು. ಅಪಾಯದ ರಾಸಾಯನಿಕ ದೊಡ್ಡ ಪ್ರಮಾಣದಲ್ಲಿ ಇಡುವವರು ಸುತ್ತಲಿನ ಜನಕ್ಕೆ ಅದರ ಮಾಹಿತಿ ಕೊಡಬೇಕು. ಮೇಷ್ಟ್ರು ಅದನ್ನು ಓದಿ ಹೇಳುತ್ತಿದ್ದಾಗ ನನ್ನ ಪಕ್ಕ ಕೂತಿದ್ದ ಅಡಿಕೆ ತೋಟದ ಹಿರಿಯರು ಮೊಣಕೈಯಲ್ಲಿ ತಿವಿದರು. "ನಿಮ್ಮ ಗೋಡೌನಲ್ಲಿ ಏನೇನಿದೆ ಮಾರಾಯ್ರೆ?"

ನಮ್ಮದು ಆ ನಿಯಮದ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ ಅಂದೆ. ಅವರು ನಕ್ಕರು, ಅಷ್ಟೆ.

ಗೋಡೌನಿನ ಗೋಡೆಗೆ ಅಂಟಿಕೊಂಡೇ ಒಂದು ಟೈಲರಿಂಗ್ ಅಂಗಡಿ ಇದೆ. ಒಳಗೆ ಏನಿದೆ, ಬೆಂಕಿ ಬಿದ್ದರೆ ಏನು ಮಾಡಬೇಕು, ಯಾವ ಕಡೆ ಹೋಗಬೇಕು ಅಂತ ಬರೆದು ಹೊರಗೆ ಬೋರ್ಡ್ ಹಾಕ್ತೀನಿ ಅಂದೆ ಮನೆಯಲ್ಲಿ. "ಸುಮ್ನೆ ಜನರನ್ನ ಹೆದರಿಸಬೇಡಿ" ಅಂದಳು ಹೆಂಡತಿ. ಪೇಂಟರ್‌ಗೆ ಫೋನ್ ಮಾಡಿದ್ದೇನೆ. ಭಾನುವಾರ ಬರುತ್ತಾನಂತೆ.