ಒಣಗಾಲದಲ್ಲೇ ಚುರುಕಾಗುವ ಕಾಡು

ಮಳೆ ನಿಂತರೆ ಕಾಡು ಸೊರಗುತ್ತೆ ಅನ್ನೋದು ಎಲ್ಲ ಕಡೆ ನಿಜ ಅಲ್ಲ. ಮಧ್ಯ ಅಮೆಜಾನಿನಲ್ಲಿ ಜುಲೈ ಹೊತ್ತಿಗೆ ಮಳೆ ಇಳಿಯುತ್ತೆ, ಎಷ್ಟೋ ಮರಗಳು ಆಗಲೇ ಹಳೆಯೆಲೆ ಉದುರಿಸಿ ಚಿಗುರುತ್ತವೆ. ಮೋಡ ಕಡಿಮೆ, ಬಿಸಿಲು ಧಾರಾಳ. ವರ್ಷಕ್ಕೆ ಸುಮಾರು 2000 ಮಿ.ಮೀ. ದಾಟಿ ಮಳೆ ಬೀಳುವಲ್ಲಿ ಮಣ್ಣಿನಾಳದ ನೀರೇ ಒಣಗಾಲಕ್ಕೂ ಸಾಕಾಗುತ್ತೆ. ಅದಕ್ಕಿಂತ ಕಡಿಮೆ ಇದ್ದರೆ ಕಥೆ ಉಲ್ಟಾ.

ಕಾಡು ಎಷ್ಟು ದುಡಿಯುತ್ತೆ ಅನ್ನೋ ಲೆಕ್ಕ ತಪ್ಪೋದು ಎಲೆಯ ವಯಸ್ಸಿನಲ್ಲಿ. ಎಳೆ ಚಿಗುರು, ಎಷ್ಟೋ ಮರಗಳಲ್ಲಿ ಕೆಂಪಗೆ ಜೋತುಬಿದ್ದಿರುತ್ತಲ್ಲ, ಅದು ಇನ್ನೂ ದುಡಿಯೋದಿಲ್ಲ. ಹೆಚ್ಚು ದುಡಿಮೆ ಎರಡರಿಂದ ಐದು ತಿಂಗಳ ಎಲೆಯದ್ದು. ಆಮೇಲೆ ಇಳಿಮುಖ, ಮೈಮೇಲೆ ಪಾಚಿ, ಕಲ್ಲುಹೂವು ಹತ್ತಿದ ಮುದಿ ಎಲೆ ಹೆಸರಿಗಷ್ಟೇ ಹಸಿರು. ಹಾಗಾಗಿ ಮುದಿ ಎಲೆ ಉದುರಿ ಹೊಸದು ಬಲಿತಾಗ, ಒಟ್ಟು ಎಲೆ ಹೆಚ್ಚುಕಮ್ಮಿ ಅಷ್ಟೇ ಇದ್ದರೂ ದ್ಯುತಿಸಂಶ್ಲೇಷಣೆ ಏರುತ್ತೆ.

ಉಪಗ್ರಹ ಚಿತ್ರ ತೋರಿಸಿ ‘ಹಸಿರು ಹೆಚ್ಚಾಯ್ತು’ ಅಂದರೆ ಮೊದಲು ಕೇಳಬೇಕಾದ್ದು, ಸೂರ್ಯನ ಕೋನ ಸರಿಪಡಿಸಿದ್ದೀರಾ ಅಂತ. ಸೂರ್ಯ ಕ್ಯಾಮೆರಾದ ಬೆನ್ನ ಹಿಂದೆ ಬಂದರೆ ನೆರಳೆಲ್ಲ ಮರೆಯಾಗಿ, ಒಂದು ಎಲೆಯೂ ಬದಲಾಗದೆ ಕಾಡು ಹೊಳೆಯುತ್ತೆ. 2014ರಲ್ಲಿ ಇದೇ ವಿಷಯಕ್ಕೆ ವಿಜ್ಞಾನಿಗಳ ನಡುವೆ ದೊಡ್ಡ ಜಟಾಪಟಿಯಾಗಿತ್ತು. ನನ್ನ ನಂಬಿಕೆ, ಕಾಡು ಎಷ್ಟು ಕಾರ್ಬನ್ ಡೈಆಕ್ಸೈಡ್ ಹೀರುತ್ತೆ ಅಂತ ಮರಗಳಿಗಿಂತ ಎತ್ತರದ ಗೋಪುರದಿಂದ ತೆಗೆದ ಅಳತೆ ಮೇಲೆ, ಅದೂ ಅಲ್ಲೇ ಕೂರಿಸಿದ ಕ್ಯಾಮೆರಾ ದಿನವೂ ತೆಗೆದ ಚಿತ್ರ ಜೊತೆಗಿದ್ದರೆ.